ಹಿರಿಯ ಮನೆಯಿಂದ ಕಿರಿಯ ನೆಲೆಗೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಗೃಹಸ್ಥನ ಧನ, ಧೈರ್ಯ, ತಾಳ್ಮೆ ಈ ಮೂರನ್ನೂ ಒರೆಗೆ ಹಚ್ಚುವ ಕಾರ್ಯಗಳು ಇವೆರಡೇ ಎಂದು ಹಿಂದಿನವರು ಬಗೆದಿದ್ದರು. ಹುಟ್ಟು, ಮದುವೆ, ಕೊನೆಯ ಪಯಣ ಇವೆಲ್ಲವೂ ಒಂದೇ ತಲೆಬಾಗಿಲಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಮೂರನೆಯ ಪರೀಕ್ಷೆಯೊಂದನ್ನು ಗಾದೆಗೆ ಸೇರಿಸುವ ಅಗತ್ಯ ಅವರಿಗೆ ತೋರಲಿಲ್ಲ. ಇಂದು ಆ ಅಗತ್ಯ ಒದಗಿದೆ. ಮೂವತ್ತು ನಲವತ್ತು ವರ್ಷ ಬಾಳಿದ ಮನೆಯನ್ನು ಎಪ್ಪತ್ತರ ಆಚೆಗಿನ ವಯಸ್ಸಿನಲ್ಲಿ ತೊರೆದು, ಹಿರಿಯ ನಾಗರಿಕರಿಗೆಂದೇ ಕಟ್ಟಿದ ವಸತಿ ಸಮುಚ್ಚಯದ ಎರಡು ಕೋಣೆಗಳ ಫ್ಲ್ಯಾಟಿಗೆ ಹೋಗಿ ನೆಲೆಸುವ ದಂಪತಿಗಳನ್ನು ಈಗ ಕಾಣುತ್ತಿದ್ದೇವೆ. ಕಟ್ಟುವುದಕ್ಕಿಂತ ಬಿಡುವುದು ಕಷ್ಟವೆಂಬುದನ್ನು ಅವರ ಅನುಭವ ತಿಳಿಸುತ್ತದೆ. ಆದುದರಿಂದ ‘ಮನೆ ಬಿಟ್ಟು ನೋಡು’ ಎಂಬ ಮಾತೂ ಆ ಗಾದೆಯ ಸಾಲಿಗೆ ಸೇರತಕ್ಕದ್ದಾಗಿದೆ.

‘ಮನೆ’ ಎಂಬ ಶಬ್ದವನ್ನು ಮೊದಲು ಪರಿಶೀಲಿಸಬೇಕು. ನೆಲೆಗೊಳ್ಳು, ಸ್ಥಿರವಾಗಿರು ಎಂಬ ಅರ್ಥದ ದ್ರಾವಿಡ ಧಾತುವಿನೊಡನೆ ಇದಕ್ಕೆ ಸಂಬಂಧವುಂಟು. ತಮಿಳಿನ ‘ಮನೈ’ ಇದರ ಸೋದರ ಶಬ್ದ. ಮನೆಗೆ ‘ತನ’ ಪ್ರತ್ಯಯ ಸೇರಿದರೆ ಮನೆತನ. ಕನ್ನಡದ ಹೆಂಗಸು ಗಂಡನನ್ನು ‘ನಮ್ಮ ಮನೆಯವರು’ ಎನ್ನುತ್ತಾಳೆ. ಗಂಡನೂ ಹೆಂಡತಿಯನ್ನು ಹಾಗೆಯೇ ಕರೆಯುತ್ತಾನೆ. ಕಲ್ಲುಮಣ್ಣಿನ ಕಟ್ಟಡ, ಅದರೊಳಗಿನ ಮನುಷ್ಯರು, ಆ ಮನುಷ್ಯರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ನಡವಳಿಕೆ ಈ ಮೂರೂ ಒಂದೇ ಶಬ್ದದಲ್ಲಿ ಅಡಗಿರುವುದರಿಂದಲೇ ಕಟ್ಟಡವನ್ನು ಬಿಡುವಾಗ ಮನೆತನವನ್ನೇ ಬಿಟ್ಟಂತೆ ಹಿರಿಯರಿಗೆ ಭಾಸವಾಗುತ್ತದೆ. ಈ ಮೂರನ್ನು ಬೇರೆಬೇರೆಯಾಗಿ ಕಾಣುವ ವಿವೇಕವು ಈ ಪ್ರಶ್ನೆಯನ್ನು ಬಿಡಿಸುವುದಕ್ಕೆ ಬೇಕಾದ ಮೊದಲ ಸಾಧನ.

ಹಿಂದಿನ ಮನೆಗಳು ದೊಡ್ಡವಾಗಿದ್ದುದು ಆಡಂಬರಕ್ಕಾಗಿ ಅಲ್ಲ. ಬಯಲುಸೀಮೆಯ ಮಾಳಿಗೆ ಮನೆಯಲ್ಲಿ ತಲೆಬಾಗಿಲಿನ ಇಕ್ಕೆಲದ ಕಟ್ಟೆ ದಾರಿಹೋಕರಿಗೆ, ಒಳಹೊಕ್ಕೊಡನೆ ಇರುವ ಗೋದಲಿ ಎತ್ತುಗಳಿಗೆ, ಪಡಸಾಲೆ ಬಂದುಹೋಗುವವರಿಗೆ, ಹಗೇವು ಮತ್ತು ಕಣಜ ವರ್ಷದ ಕಾಳಿಗೆ, ಒಳಕೋಣೆ ಬಾಣಂತಿಗೆ. ಮೈಸೂರು ಸೀಮೆಯ ತೊಟ್ಟಿಯ ಮನೆಯಲ್ಲಿ ಆಕಾಶಕ್ಕೆ ತೆರೆದ ನಡುವಣ ಅಂಗಳದ ಸುತ್ತಲಿನ ಹಜಾರದಲ್ಲಿ ನಾಲ್ಕು ಪಂಕ್ತಿ ಎಲೆ ಹಾಕಬಹುದಾಗಿತ್ತು. ಪ್ರತಿಯೊಂದು ಅಂಕಣಕ್ಕೂ ಒಬ್ಬ ಹಕ್ಕುದಾರನಿದ್ದನು. ಪ್ರತಿಯೊಂದು ಕೆಲಸಕ್ಕೂ ಎರಡು ಕೈಗಳಿದ್ದವು. ಅನಂತರದ ತಲೆಮಾರಿನ ನೌಕರವರ್ಗದವರು, ಅದರಲ್ಲಿಯೂ ಉಪಾಧ್ಯಾಯರು, ಭವಿಷ್ಯನಿಧಿಯ ಸಾಲ ತೆಗೆದು, ಹೆಂಡತಿಯ ಒಡವೆ ಒತ್ತೆಯಿಟ್ಟು, ಊರ ಹೊರಗಣ ಬಡಾವಣೆಗಳಲ್ಲಿ ಕಟ್ಟಿಸಿದ ಮನೆಗಳಿಗೂ ಇದೇ ಲೆಕ್ಕಾಚಾರವಿದ್ದಿತು. ಅರವತ್ತು ಅಡಿ ಉದ್ದ ನಲವತ್ತು ಅಡಿ ಅಗಲದ ನಿವೇಶನ, ಅಂದರೆ 2400 ಚದರ ಅಡಿ. ಕೆಳಗೆ ತಂದೆತಾಯಿ, ಮೇಲೆ ಮಗ ಸೊಸೆ, ಹಿತ್ತಲಿನಲ್ಲಿ ಒಂದು ತೆಂಗು, ಒಂದು ಕರಿಬೇವು.

ಲೆಕ್ಕ ತಪ್ಪಿದ್ದು ಯಾರ ದೋಷದಿಂದಲೂ ಅಲ್ಲ. ತಂದೆಯು ಮಗನಿಗೆ ವಿದ್ಯೆ ಕೊಡಿಸಿದನು; ವಿದ್ಯೆಯು ಮಗನನ್ನು ಕೆಲಸವಿದ್ದ ಕಡೆಗೆ ಕರೆದುಕೊಂಡು ಹೋಯಿತು. ಮಹಡಿಯ ಕೋಣೆಗೆ ಬೀಗ ಬಿದ್ದಿತು. ಇದು ಒಂದೆರಡು ಮನೆಗಳ ಕಥೆಯಲ್ಲ. 2011ರ ಜನಗಣತಿಯಂತೆ ಅರವತ್ತು ದಾಟಿದವರ ಸಂಖ್ಯೆ ಭಾರತದಲ್ಲಿ ಹತ್ತು ಕೋಟಿಯನ್ನು ಮೀರಿದ್ದಿತು. ಒಟ್ಟು ಜನಸಂಖ್ಯೆಯಲ್ಲಿ ಅವರ ಪಾಲು ದೇಶದಲ್ಲಿ ಶೇಕಡಾ 8.6 ಆಗಿದ್ದರೆ ಕರ್ನಾಟಕದಲ್ಲಿ ಶೇಕಡಾ 9.5 ಆಗಿದ್ದಿತು. ಆಯುಷ್ಯ ಬೆಳೆಯಿತು, ಸಂತಾನ ಮಿತವಾಯಿತು, ಉದ್ಯೋಗ ದೂರವಾಯಿತು. ಈ ಮೂರೂ ತಮ್ಮಷ್ಟಕ್ಕೆ ತಾವು ಒಳ್ಳೆಯವೇ. ಮೂರೂ ಕೂಡಿದ ಫಲವಾಗಿ ದೊಡ್ಡ ಮನೆಯಲ್ಲಿ ಇಬ್ಬರು ವೃದ್ಧರು, ಕಾಲಕ್ರಮದಲ್ಲಿ ಒಬ್ಬರೇ, ಉಳಿಯುವಂತಾಯಿತು.

ಈ ಸ್ಥಿತಿಯಲ್ಲಿ ಮನೆಯು ತನ್ನ ಧರ್ಮವನ್ನೇ ತಿರುಗುಮುರುಗು ಮಾಡಿಕೊಳ್ಳುತ್ತದೆ. ಮನುಷ್ಯನನ್ನು ಕಾಯಬೇಕಾದುದನ್ನು ಮನುಷ್ಯನೇ ಕಾಯಬೇಕಾಗುತ್ತದೆ. ಸೋರುವ ಮಾಳಿಗೆ, ಕೆಟ್ಟ ಪಂಪು, ತುಂಬಿದ ನೀರಿನ ತೊಟ್ಟಿ, ಒಣಗಿದ ತೆಂಗಿನ ಗರಿ, ಬಾರದ ಕೆಲಸದವಳು, ಬಾಗಿಲು ತಟ್ಟುವ ಅಪರಿಚಿತ ಇವೇ ದಿನಚರಿಯಾಗುತ್ತವೆ. ವೃದ್ಧಾಪ್ಯದಲ್ಲಿ ಬೀಳುವುದು ಎಷ್ಟು ಅಪಾಯಕರವೆಂಬುದನ್ನು ವೈದ್ಯರು ಮತ್ತೆಮತ್ತೆ ಎಚ್ಚರಿಸುತ್ತಾರೆ. ನುಣುಪು ಕಲ್ಲಿನ ಬಚ್ಚಲು, ಹಿಡಿಗಂಬಿಯಿಲ್ಲದ ಮೆಟ್ಟಿಲು, ಎತ್ತರದ ಹೊಸ್ತಿಲು ಇವು ಹಳೆಯ ಮನೆಗಳಲ್ಲಿ ಅಲಂಕಾರದಂತೆ ಇರುವ ಬಲೆಗಳು. ಬಿದ್ದವರ ಕೂಗು ಮಹಡಿಗೂ ಕೇಳದು, ಬೀದಿಗೂ ಕೇಳದು. ದೂರದ ಊರಿನಲ್ಲಿರುವ ಮಗಳು ರಾತ್ರಿ ಫೋನು ಎತ್ತದಿದ್ದಾಗ ಪಡುವ ಸಂಕಟವನ್ನು ಬಲ್ಲವರು ಈ ಮಾತನ್ನು ಅತಿಶಯವೆನ್ನಲಾರರು.

ಇದಕ್ಕೆ ಪರಿಹಾರವೆಂದು ಈಗ ಮುಂದೆ ಬಂದಿರುವ ವಸತಿ ಸಮುಚ್ಚಯಗಳ ಸ್ವರೂಪವನ್ನು ಅರಿಯಬೇಕು. ಅಮೆರಿಕದ ಅರಿಜೋನ ಪ್ರಾಂತದಲ್ಲಿ 1960ರ ಜನವರಿ 1ರಂದು ಡೆಲ್ ವೆಬ್ ಎಂಬ ಕಟ್ಟಡ ನಿರ್ಮಾಪಕನು ‘ಸನ್ ಸಿಟಿ’ ಎಂಬ ನಿವೃತ್ತರ ಊರನ್ನೇ ತೆರೆದನು. ಆ ಕಲ್ಪನೆಯು ಮಾರ್ಪಾಡು ಹೊಂದಿ ಭಾರತದಲ್ಲಿಯೂ ಬೇರು ಬಿಟ್ಟಿದೆ. ಕೊಯಮತ್ತೂರು ಇದಕ್ಕೆ ಹೆಸರಾಗಿದೆ. ಬೆಂಗಳೂರಿನಲ್ಲಿಯೂ ಇಂಥವು ಎದ್ದಿವೆ. ಇವನ್ನು ವೃದ್ಧಾಶ್ರಮವೆಂದು ಕರೆಯುವುದು ತಪ್ಪಾದೀತು. ವೃದ್ಧಾಶ್ರಮವು ಪ್ರಾಯಿಕವಾಗಿ ನಿರ್ಗತಿಕರಿಗೆ ಧರ್ಮಾರ್ಥವಾಗಿ ನಡೆಯತಕ್ಕದ್ದು; ಇಲ್ಲಿಯ ನಿವಾಸಿಯು ತನ್ನ ಫ್ಲ್ಯಾಟನ್ನು ಕೊಂಡೋ ಬಾಡಿಗೆಗೆ ಹಿಡಿದೋ ಇರುವವನು. ಬಾಗಿಲಿನ ಚಿಲಕ ಅವನ ಕೈಯಲ್ಲಿಯೇ ಇರುತ್ತದೆ. ಸಾಮೂಹಿಕ ಭೋಜನಶಾಲೆ, ಕಾವಲು, ಕರೆದರೆ ಬರುವ ದಾದಿ, ಸಮವಯಸ್ಕರ ನೆರೆ ಇವು ಅವನು ತೆರುವ ತಿಂಗಳ ಶುಲ್ಕಕ್ಕೆ ಒದಗುವ ಸೌಕರ್ಯಗಳು. ಆರು ನೂರು ಚದರ ಅಡಿಯ ಫ್ಲ್ಯಾಟೆಂದರೆ ಮೇಲೆ ಹೇಳಿದ ನಿವೇಶನದ ಕಾಲು ಭಾಗ. ಈ ಕಾಲು ಭಾಗದೊಳಗೆ ಒಂದು ಜೀವಮಾನವನ್ನು ಹೇಗೆ ಅಡಕಮಾಡುವುದು ಎಂಬುದೇ ಪ್ರಶ್ನೆ.

ಮೊದಲು ಏಳುವ ಆಕ್ಷೇಪವು ಲೋಕಾಪವಾದದ್ದು. ‘ಮಕ್ಕಳಿದ್ದೂ ಹೊರಗೆ ಹಾಕಿದರು’ ಎಂದು ಊರು ಆಡಿಕೊಳ್ಳುತ್ತದೆ. ಆ ಮಾತಿಗೆ ಅಂಜಿ ಮಕ್ಕಳು ಬೇಡವೆನ್ನುತ್ತಾರೆ. ಮಕ್ಕಳ ಹೆಸರು ಕೆಟ್ಟೀತೆಂದು ಹಿರಿಯರು ಬಾಯಿ ಮುಚ್ಚಿಕೊಳ್ಳುತ್ತಾರೆ. ಆದರೆ ಇಳಿವಯಸ್ಸಿನಲ್ಲಿ ಮನೆಯನ್ನು ಬಿಡುವುದು ಅಪಮಾನವೆಂಬ ಭಾವನೆ ನಮ್ಮ ಪರಂಪರೆಯದಲ್ಲ. ಗೃಹಸ್ಥಾಶ್ರಮದ ಮುಂದೆ ವಾನಪ್ರಸ್ಥವನ್ನು ಇರಿಸಿದವರು ನಮ್ಮವರೇ. ರಘುವಂಶದ ಅರಸರು ಮುಪ್ಪಿನಲ್ಲಿ ಮುನಿವೃತ್ತಿಯನ್ನು ಹಿಡಿದುದನ್ನು ಕಾಳಿದಾಸನು ಅವರ ಹಿರಿಮೆಯೆಂದು ಎಣಿಸಿದನೇ ಹೊರತು ಮಕ್ಕಳ ದೋಷವೆಂದು ಎಣಿಸಲಿಲ್ಲ. ವಾನಪ್ರಸ್ಥದ ಅರಣ್ಯಕ್ಕೂ ಲಿಫ್ಟು ಇರುವ ಸಮುಚ್ಚಯಕ್ಕೂ ಹೋಲಿಕೆಯೆಲ್ಲಿಯದು ಎಂದು ನಗುವವರು ನಗಬಹುದು. ಅರಣ್ಯದಲ್ಲಿ ತ್ಯಾಗವಿತ್ತು, ಇಲ್ಲಿ ಸೌಕರ್ಯವಿದೆ ಎಂಬ ಭೇದ ನಿಜ. ಹೋಲಿಕೆ ಇರುವುದು ಒಂದೇ ಅಂಶದಲ್ಲಿ: ಹೊರಟವರು ತಾವಾಗಿ ಹೊರಟರು.

ಈ ಅಂಶದ ಮಹತ್ತ್ವವನ್ನು ಮಹಾಭಾರತದ ಆಶ್ರಮವಾಸಿಕ ಪರ್ವದಷ್ಟು ಸೂಕ್ಷ್ಮವಾಗಿ ತೋರಿಸುವ ಗ್ರಂಥಭಾಗ ದುರ್ಲಭ. ಯುದ್ಧಾನಂತರ ಧೃತರಾಷ್ಟ್ರನು ಹದಿನೈದು ವರ್ಷಗಳ ಕಾಲ ಧರ್ಮರಾಯನ ಅರಮನೆಯಲ್ಲಿ ಸಕಲ ಮರ್ಯಾದೆಯೊಡನೆ ಇದ್ದನು. ಆದರೂ ಭೀಮನ ಚುಚ್ಚುಮಾತು ಅವನ ಕಿವಿಗೆ ಬೀಳುತ್ತಲೇ ಇದ್ದಿತು. ಕಡೆಗೆ ನೊಂದು ಕಾಡಿಗೆ ಹೊರಟನು. ಅದೇ ದಿನ ಕುಂತಿಯೂ ಹೊರಟಳು. ಅವಳಿಗೆ ಯಾರೂ ಚುಚ್ಚುಮಾತು ಆಡಿರಲಿಲ್ಲ. ಗೆದ್ದ ಐವರು ಮಕ್ಕಳು ಕಾಲಿಗೆ ಬಿದ್ದು ತಡೆದರು. ಗಂಡನ ಕಾಲದ ಸಿರಿಯನ್ನು ತಾನು ಉಂಡಾಗಿದೆ, ಮಕ್ಕಳು ಗೆದ್ದ ರಾಜ್ಯದ ಫಲ ತನಗೆ ಬೇಡ ಎಂದು ಅವಳು ನಿಶ್ಚಯಿಸಿದ್ದಳು. ಗಾಂಧಾರಿಗೆ ಆಸರೆಯಾಗಿ ನಡೆದ ಅವಳು ಹಿಂದಿರುಗಲಿಲ್ಲ. ಒಂದೇ ಬಾಗಿಲಿನಿಂದ, ಒಂದೇ ದಿನ, ಒಂದೇ ಕಾಡಿಗೆ ಹೊರಟ ಇಬ್ಬರಲ್ಲಿ ಒಬ್ಬನು ಮನೆಯಲ್ಲಿ ಇರಲಾಗದೆ ಹೊರಟನು, ಇನ್ನೊಬ್ಬಳು ಇರಬಹುದಾಗಿದ್ದರೂ ಹೊರಟಳು. ಇಂದಿನ ಹಿರಿಯರ ಮುಂದೆ ಇರುವ ಆಯ್ಕೆಯೂ ಇದೇ.

ಮನೆಯನ್ನು ಬಿಡುವುದರಲ್ಲಿ ದೋಷವಿಲ್ಲ. ಬಿಡುವ ನಿರ್ಧಾರವು ಹಿರಿಯರ ಕೈತಪ್ಪುವುದರಲ್ಲಿ ದೋಷವಿದೆ. ಕಾಲುಗಳಲ್ಲಿ ಶಕ್ತಿಯೂ ಬುದ್ಧಿಯಲ್ಲಿ ಸ್ಫುಟತೆಯೂ ಇರುವಾಗ ತಾವೇ ಸ್ಥಳ ನೋಡಿ, ತಾವೇ ಕರಾರು ಓದಿ, ತಾವೇ ಪೆಟ್ಟಿಗೆ ಕಟ್ಟಿ ಹೊರಡುವವರು ಹೊಸ ನೆಲೆಯಲ್ಲಿ ಬೇರೂರುತ್ತಾರೆ. ಸೊಂಟದ ಮೂಳೆ ಮುರಿದ ಮೇಲೆ, ಸಂಗಾತಿ ತೀರಿಕೊಂಡ ಹದಿನೈದನೆಯ ದಿನ, ವಿದೇಶದಿಂದ ಬಂದ ಮಕ್ಕಳ ರಜೆ ಮುಗಿಯುವುದರೊಳಗಾಗಿ ಎಂಬ ಆತುರದಲ್ಲಿ ಸಾಗಿಸಲ್ಪಟ್ಟವರು ಎಲ್ಲಿ ಹೋದರೂ ಅತಿಥಿಗಳಾಗಿಯೇ ಉಳಿಯುತ್ತಾರೆ. ‘ಇನ್ನೂ ಸ್ವಲ್ಪ ದಿನ ನೋಡೋಣ’ ಎಂಬ ಮಾತು ಎಲ್ಲರ ಬಾಯಲ್ಲಿಯೂ ಬರುವಂಥದು. ಆ ಸ್ವಲ್ಪ ದಿನ ಕಳೆದ ಮೇಲೆ ನೋಡುವವರು ಬೇರೆಯವರಾಗಿರುತ್ತಾರೆ.

ನಿರ್ಧಾರ ಆದ ಮೇಲೆ ಬರುವುದು ವಸ್ತುಗಳ ವಿಲೇವಾರಿ. ಸ್ವೀಡನ್ನಿನವರ ಭಾಷೆಯಲ್ಲಿ ಇದಕ್ಕೆ ‘ದೋಸ್ತಾಡ್ನಿಂಗ್’, ಎಂದರೆ ಸಾವಿಗೆ ಮುನ್ನಿನ ಶುಚಿಕಾರ್ಯ, ಎಂಬ ಶಬ್ದವೇ ಇದೆ. ಮಾರ್ಗರೆಟಾ ಮ್ಯಾಗ್ನಸನ್ ಎಂಬ ವೃದ್ಧ ಚಿತ್ರಕಲಾವಿದೆ 2017ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಅದು ಲೋಕಕ್ಕೆ ಪರಿಚಿತವಾಯಿತು. ಸತ್ತ ಮೇಲೆ ಮಕ್ಕಳ ತಲೆಗೆ ಕಟ್ಟುವ ಹೊರೆಯನ್ನು ಬದುಕಿರುವಾಗಲೇ ತಾವು ಇಳಿಸಬೇಕೆಂಬುದು ಅದರ ತಾತ್ಪರ್ಯ. ಶಬ್ದ ಕಠೋರವಾಗಿ ಕೇಳಿಸಿದರೂ ತತ್ತ್ವ ನಮಗೆ ಹೊಸದಲ್ಲ; ಜೀವಂತ ಹಸ್ತದಿಂದ ಕೊಟ್ಟದ್ದೇ ದಾನ, ಉಳಿದದ್ದು ಆಸ್ತಿ ಹಂಚಿಕೆ ಎಂದು ನಮ್ಮ ಹಿರಿಯರು ಬಲ್ಲವರಾಗಿದ್ದರು.

ಆದರೆ ಹಂಡೆ, ಕೊಪ್ಪರಿಗೆ, ಒರಳು, ಬೀಸುಕಲ್ಲು, ತೊಟ್ಟಿಲು, ಶಿವನಿ ಮರದ ಮಂಚ ಇವು ಮೂರನೆಯ ಅಂತಸ್ತಿನ ಫ್ಲ್ಯಾಟಿಗೆ ಏರಲಾರವು. ಹಳೆಯ ಸಾಮಾನಿನವನ ತಕ್ಕಡಿಯಲ್ಲಿ ಮೂರು ತಲೆಮಾರಿನ ತಾಮ್ರವು ಕೇವಲ ತಾಮ್ರ. ಆದುದರಿಂದ ಕೊಳ್ಳುವವನಿಗಿಂತ ಮೊದಲು ಬಳಸುವವನನ್ನು ಹುಡುಕಬೇಕು. ಕೊಪ್ಪರಿಗೆಯು ದಾಸೋಹದ ಮನೆಗೆ, ತೊಟ್ಟಿಲು ಬಸುರಿಯಿರುವ ಮನೆಗೆ, ಪುಸ್ತಕಗಳು ಹಳ್ಳಿಯ ಶಾಲೆಗೆ ಹೋದರೆ ಅವುಗಳ ಆಯುಷ್ಯ ಮುಂದುವರಿಯುತ್ತದೆ. ಕೊಡುವಾಗ ವಸ್ತುವಿನ ಜೊತೆಗೆ ಅದರ ಕಥೆಯನ್ನೂ ಹೇಳಿ ಕೊಡಬೇಕು: ಯಾವ ಬರಗಾಲದಲ್ಲಿ ಮಾರದೆ ಉಳಿಸಿದ್ದು, ಯಾರ ತವರಿನಿಂದ ಬಂದದ್ದು ಎಂಬುದನ್ನು. ಕಥೆ ತಿಳಿದ ವಸ್ತುವನ್ನು ಮೊಮ್ಮಕ್ಕಳು ಸುಲಭವಾಗಿ ಬಿಸಾಡುವುದಿಲ್ಲ. ಸಂಗಡ ಒಯ್ಯುವುದಕ್ಕೆ ದಿನಬಳಕೆಯ ಪಾತ್ರೆ ಐದಾರು, ಭಾವಚಿತ್ರ ಎರಡು ಮೂರು, ಪದೇ ಪದೇ ತೆರೆಯುವ ಪುಸ್ತಕಗಳ ಒಂದು ಕಪಾಟು, ಕೂತು ರೂಢಿಯಾದ ಒಂದು ಕುರ್ಚಿ ಇಷ್ಟು ಸಾಕು. ಹೊಸ ಕುರ್ಚಿಗಿಂತ ಹಳೆಯ ಕುರ್ಚಿಯೇ ಹೊಸ ಮನೆಯನ್ನು ಬೇಗ ತನ್ನದಾಗಿಸುತ್ತದೆ.

ಅಟ್ಟದ ಮೇಲಿನ ಓಲೆಗರಿಗಳನ್ನೂ ಕೈಬರಹದ ಕಟ್ಟುಗಳನ್ನೂ ಕುರಿತು ವಿಶೇಷ ಎಚ್ಚರ ಬೇಕು. ಕೌಟಿಲ್ಯನ ಅರ್ಥಶಾಸ್ತ್ರದ ಮೂಲಪಾಠ ಶತಮಾನಗಳ ಕಾಲ ಕಣ್ಮರೆಯಾಗಿದ್ದಿತು. ತಂಜಾವೂರು ಕಡೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ತಾಳೆಯೋಲೆಯ ಪ್ರತಿಯನ್ನು ಮೈಸೂರಿನ ಸರ್ಕಾರಿ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ಒಪ್ಪಿಸಿದ್ದರಿಂದ ಅದು 1905ರಲ್ಲಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾಗಿ, ಭಾರತದ ಇತಿಹಾಸವನ್ನೇ ಬೇರೆ ಬಗೆಯಾಗಿ ಓದುವಂತೆ ಮಾಡಿತು. ಆ ಪಂಡಿತರು ‘ಮನೆತನದ ಸೊತ್ತು, ಇಲ್ಲಿಯೇ ಇರಲಿ’ ಎಂದು ಗೆದ್ದಲಿಗೆ ಬಿಟ್ಟಿದ್ದರೆ ನಷ್ಟ ಯಾರದಾಗುತ್ತಿತ್ತು? ಪ್ರತಿಯೊಂದು ಅಟ್ಟದಲ್ಲಿಯೂ ಅರ್ಥಶಾಸ್ತ್ರ ಇರುವುದಿಲ್ಲ, ನಿಜ. ಆದರೆ ಲೆಕ್ಕದ ಕಡತ, ಬಯಲಾಟದ ಪ್ರತಿ, ಮನೆಮದ್ದಿನ ಹೊತ್ತಗೆ ಇವುಗಳ ಬೆಲೆಯನ್ನು ಬಲ್ಲವರಿಗೆ ಒಮ್ಮೆ ತೋರಿಸದೆ ರದ್ದಿಗೆ ಹಾಕಕೂಡದು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, 1939ರಲ್ಲಿ ಆರಂಭವಾದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇವು ಇಂಥ ವಿಚಾರಣೆಗೆ ಯೋಗ್ಯವಾದ ಸ್ಥಳಗಳು.

ಗೃಹಿಣಿಯ ದೃಷ್ಟಿಯಿಂದ ಈ ಪ್ರಶ್ನೆಯನ್ನು ನೋಡುವವರು ವಿರಳ. ಯಜಮಾನನಿಗೆ ಮನೆಯು ಸಾಧನೆಯ ಕುರುಹು. ಅವನ ಹೆಂಡತಿಗೆ ಅದು ಐವತ್ತು ವರ್ಷಗಳ ದುಡಿಮೆ. ಆರು ಕೋಣೆಯ ಕಸ, ಹಬ್ಬದ ಸುಣ್ಣಬಣ್ಣ, ಬಂದವರ ಚಹಾ, ಇವೆಲ್ಲ ಅವಳ ಸೊಂಟದ ಮೇಲೆ ನಡೆದವು. ಗಂಡನು ನಿವೃತ್ತನಾದರೂ ಅವಳು ನಿವೃತ್ತಳಾಗಲಿಲ್ಲ. ಸಿದ್ಧವಾದ ಊಟಕ್ಕೆ ಹೋಗಿ ಕೂರುವುದು ಅವಳ ಬಾಳಿನಲ್ಲಿ ಮೊದಲ ವಿಶ್ರಾಂತಿಯಾಗಬಹುದು. ಇದಕ್ಕೆ ವಿರುದ್ಧವಾಗಿ, ಅಡುಗೆಮನೆಯಲ್ಲಿ ಮಾತ್ರ ಅಧಿಕಾರವಿದ್ದವಳಿಗೆ ಅದೂ ಹೋಯಿತೆಂಬ ಕೊರಗು ಹತ್ತಲೂಬಹುದು. ಆದುದರಿಂದ ಗಂಡನೂ ಮಕ್ಕಳೂ ತೀರ್ಮಾನ ಮಾಡಿ ಅವಳಿಗೆ ತಿಳಿಸುವ ಪದ್ಧತಿ ನಿಲ್ಲಬೇಕು. ಆಯುಷ್ಯದ ಲೆಕ್ಕದಲ್ಲಿ ಹೊಸ ನೆಲೆಯಲ್ಲಿ ಒಂಟಿಯಾಗಿ ಉಳಿಯುವ ಸಂಭವ ಅವಳಿಗೇ ಹೆಚ್ಚು. ಅವಳ ಹೆಸರು ಕಾಗದಪತ್ರಗಳಲ್ಲಿ ಇರತಕ್ಕದ್ದು.

ಕಾಗದಪತ್ರಗಳ ವಿಷಯದಲ್ಲಿ ವಾತ್ಸಲ್ಯವು ವಿವೇಕವನ್ನು ಮುಚ್ಚಬಾರದು. ಮನೆಯು ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬುದನ್ನು ಮೊದಲು ತಿಳಿಯಬೇಕು. ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕದಲ್ಲಿ 1994ರಲ್ಲಿಯೂ ಇಡೀ ದೇಶಕ್ಕೆ ಅನ್ವಯಿಸುವಂತೆ 2005ರಲ್ಲಿಯೂ ತಂದ ತಿದ್ದುಪಡಿಗಳಿಂದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳೂ ಹಕ್ಕುದಾರಳು. ಅವಳನ್ನು ಕೇಳದೆ ಮಾಡಿದ ಮಾರಾಟವು ವ್ಯಾಜ್ಯಕ್ಕೆ ಬೀಜ. ಸ್ವಯಾರ್ಜಿತ ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟು ‘ಅವನೇ ನೋಡಿಕೊಳ್ಳುತ್ತಾನೆ’ ಎಂದು ಕೂರುವವರು 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯ 23ನೆಯ ಕಲಮನ್ನು ಓದಿಸಿಕೊಳ್ಳಬೇಕು. ಪೋಷಣೆಯ ಷರತ್ತಿಗೆ ಒಳಪಟ್ಟು ಕೊಟ್ಟ ಆಸ್ತಿಯನ್ನು, ಪಡೆದವನು ಷರತ್ತು ಮುರಿದರೆ, ಹಿರಿಯರು ಹಿಂದಕ್ಕೆ ಪಡೆಯಲು ಅದು ಅವಕಾಶ ಕೊಡುತ್ತದೆ. ಅಂಥ ಷರತ್ತು ಇದ್ದುದನ್ನು ತೋರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರ ಒಂದು ತೀರ್ಪಿನಲ್ಲಿ ಹೇಳಿತು. 2025ರ ಇನ್ನೊಂದು ತೀರ್ಪಿನಲ್ಲಿ ಹಿರಿಯರ ಹಿತಕ್ಕಾಗಿ ಕಾಯಿದೆಯನ್ನು ಉದಾರವಾಗಿ ಅರ್ಥೈಸಬೇಕೆಂದಿತು. ಪತ್ರದಲ್ಲಿಯೇ ಷರತ್ತನ್ನು ಸ್ಪಷ್ಟವಾಗಿ ಬರೆಯಿಸುವುದು ಎಲ್ಲಕ್ಕಿಂತ ಕ್ಷೇಮ. ಒಳ್ಳೆಯ ಮಗನಿಗೆ ಆ ಸಾಲು ನೋವುಂಟುಮಾಡುವುದಿಲ್ಲ.

ಹೊಸ ನೆಲೆಯ ಕರಾರನ್ನೂ ಅಷ್ಟೇ ಜಾಗರೂಕತೆಯಿಂದ ನೋಡಬೇಕು. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಮಂತ್ರಾಲಯವು 2019ರಲ್ಲಿ ನಿವೃತ್ತರ ವಸತಿಗಳಿಗಾಗಿ ಮಾದರಿ ಮಾರ್ಗಸೂಚಿಗಳನ್ನು ಹೊರಡಿಸಿತು. ಜಾರದ ನೆಲ, ಬಚ್ಚಲಿನಲ್ಲಿ ಹಿಡಿಗಂಬಿ, ಗಾಲಿಕುರ್ಚಿ ಸಾಗುವ ಬಾಗಿಲು ಮತ್ತು ಇಳಿಜಾರು, ಕಟ್ಟಿದವನು, ಸೇವೆ ಒದಗಿಸುವವನು, ನಿವಾಸಿ ಈ ಮೂವರ ನಡುವೆ ಕರಾರು ಇವೇ ಮೊದಲಾದುವನ್ನು ಅದು ಸೂಚಿಸಿತು. ಮಾದರಿಯೆಂದರೆ ಕಡ್ಡಾಯವಲ್ಲ, ಆದುದರಿಂದ ಕೇಳುವ ಭಾರ ಹೋಗುವವರ ಮೇಲೆಯೇ ಇದೆ. ತಿಂಗಳ ಶುಲ್ಕ ವರ್ಷಕ್ಕೆ ಎಷ್ಟು ಏರಬಹುದು? ಹಾಸಿಗೆ ಹಿಡಿದರೆ ಅಲ್ಲಿಯೇ ಇರಬಹುದೋ, ಬೇರೆಡೆಗೆ ಕಳುಹಿಸುವರೋ? ನೆನಪು ಅಳಿಯುವ ರೋಗ ಬಂದರೆ ಏನು ವ್ಯವಸ್ಥೆ? ಬಿಟ್ಟು ಹೋದರೆ ಠೇವಣಿ ಎಷ್ಟು ದಿನದಲ್ಲಿ ಮರಳುತ್ತದೆ? ಕಾಲಾನಂತರ ವಾರಸುದಾರರು ಫ್ಲ್ಯಾಟನ್ನು ಯಾರಿಗೆ ಬೇಕಾದರೂ ಮಾರಬಹುದೋ? ಈ ಐದು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೊಡದ ಸ್ಥಳಕ್ಕೆ ಹೂದೋಟ ಎಷ್ಟು ಚೆಲುವಾಗಿದ್ದರೂ ಕಾಲಿಡಬಾರದು. ಅವಕಾಶವಿದ್ದಲ್ಲಿ ಮೊದಲು ಒಂದು ತಿಂಗಳು ಇದ್ದು ನೋಡಬೇಕು. ಹಳೆಯ ಮನೆಯನ್ನು ಒಡನೆಯೇ ಮಾರದೆ ವರ್ಷಕಾಲ ಬಾಡಿಗೆಗೆ ಕೊಟ್ಟಿದ್ದರೆ ಹಿಂದಿರುಗುವ ದಾರಿ ತೆರೆದಿರುತ್ತದೆ.

ಇದಲ್ಲದೆ ಕರಾರಿನಲ್ಲಿ ಬರೆಯಲಾಗದ ಇನ್ನೊಂದು ಅಂಶವುಂಟು, ಅದು ಭಾಷೆ. ಕಲಬುರ್ಗಿಯ ಹಿರಿಯರು ಮಗನಿಗೆ ಸಮೀಪವೆಂದು ಪರರಾಜ್ಯದ ಸಮುಚ್ಚಯಕ್ಕೆ ಹೋದರೆ ಅಲ್ಲಿ ಜೋಳದ ರೊಟ್ಟಿ ಸಿಗದಿರುವುದು ಸಣ್ಣ ಕಷ್ಟ. ರಾತ್ರಿ ಎದೆ ಹಿಡಿದುಕೊಂಡಾಗ ‘ಸಂಕಟ’ ‘ಉಬ್ಬಸ’ ‘ಝುಮು ಝುಮು’ ಎಂಬ ಮಾತುಗಳು ದಾದಿಗೆ ತಿಳಿಯದಿರುವುದು ದೊಡ್ಡ ಕಷ್ಟ. ನೆನಪು ಮಾಸುವ ರೋಗದಲ್ಲಿ ಕಲಿತ ಭಾಷೆಗಳು ಹಿಂದೆ ಸರಿದು ತಾಯ್ನುಡಿಯೇ ಮುಂದೆ ನಿಲ್ಲುವುದುಂಟು. ಮುಪ್ಪಿನಲ್ಲಿ ತಾಯ್ನುಡಿಯು ಸಾಹಿತ್ಯದ ವಿಷಯವಲ್ಲ, ಔಷಧೋಪಚಾರದ ವಿಷಯ. ಮೂರು ಬಗೆಯ ಈಜುಕೊಳಗಳಿಗಿಂತ ಕನ್ನಡ ಬಲ್ಲ ಒಬ್ಬ ದಾದಿ ಹೆಚ್ಚು ಬೆಲೆಯುಳ್ಳವಳು.

ಹೋಗುವುದರಿಂದ ನಷ್ಟವೇ ಇಲ್ಲವೆಂದು ಸಾಧಿಸಹೊರಡುವುದು ಸತ್ಯಕ್ಕೆ ದೂರವಾದೀತು. ಬೀದಿಯ ಕಟ್ಟೆಯ ಮೇಲೆ ಕುಳಿತವನಿಗೆ ಶಾಲೆಗೆ ಹೋಗುವ ಮಗು, ತರಕಾರಿ ಮಾರುವವಳು, ಮದುವೆಯ ಮೆರವಣಿಗೆ ಎಲ್ಲವೂ ಕಾಣುತ್ತಿದ್ದವು. ಸಮವಯಸ್ಕರೇ ತುಂಬಿದ ನೆಲೆಯಲ್ಲಿ ಮಗುವಿನ ಅಳು ಕೇಳಿಸದು. ಆಂಬುಲೆನ್ಸಿನ ಸದ್ದು ಮಾತ್ರ ಕೇಳಿಸುತ್ತದೆ. ಎಲ್ಲ ವಯಸ್ಸಿನವರೂ ಕೂಡಿ ಬಾಳುವುದು ಸಮಾಜದ ಸಹಜ ಸ್ಥಿತಿ. ಹಿರಿಯರನ್ನು ಒಂದೆಡೆ ಗುಂಪುಗೂಡಿಸುವುದು ಅದಕ್ಕೆ ಬದಲಿಯೇ ಹೊರತು ಸಮಾನವಲ್ಲ. ಮನೆಯ ಒಂದು ಭಾಗವನ್ನು ನಂಬಿಕೆಯ ಸಂಸಾರಕ್ಕೆ ಬಾಡಿಗೆಗೆ ಕೊಟ್ಟು, ಬಚ್ಚಲು ಮೆಟ್ಟಿಲುಗಳನ್ನು ತಿದ್ದಿಸಿ, ಅಲ್ಲಿಯೇ ಕಿರಿದಾಗಿ ಬಾಳುವ ಮಧ್ಯಮಮಾರ್ಗವೂ ಇದೆ. ಕೈಯಲ್ಲಿ ಹಣವಿಲ್ಲದೆ ಮನೆ ಮಾತ್ರ ಇರುವವರಿಗಾಗಿ ರಾಷ್ಟ್ರೀಯ ವಸತಿ ಬ್ಯಾಂಕು 2007ರಲ್ಲಿ ಹಿಮ್ಮುಖ ಅಡಮಾನದ ಯೋಜನೆಯನ್ನು ರೂಪಿಸಿತು. ಅದರಂತೆ ಅರವತ್ತು ದಾಟಿದವರು ಸ್ವಂತ ಮನೆಯಲ್ಲಿಯೇ ಇದ್ದು ಅದರ ಮೇಲೆ ಕಂತುಕಂತಾಗಿ ಹಣ ಪಡೆಯಬಹುದು. ಆಪ್ತ ನೆರೆಯೂ ಹತ್ತಿರದ ವೈದ್ಯರೂ ಇರುವ ಸಣ್ಣ ಊರಿನಲ್ಲಿ ಇರುವವರು ಊರು ಬಿಡುವುದಕ್ಕೆ ಕಾರಣವೇ ಇಲ್ಲದಿರಬಹುದು.

ಇನ್ನು, ಲಕ್ಷಾಂತರ ರೂಪಾಯಿ ಬೇಡುವ ಈ ನೆಲೆಗಳು ನಾಡಿನ ಬಹುಪಾಲು ಹಿರಿಯರಿಗೆ ಎಟುಕುವಂಥವಲ್ಲ. 2007ರ ಕಾಯಿದೆಯ 19ನೆಯ ಕಲಮು ಬಡ ಹಿರಿಯರಿಗಾಗಿ ಜಿಲ್ಲೆಗೊಂದರಂತೆ, 150 ಮಂದಿಗೆ ಸಾಲುವಷ್ಟಾದರೂ ವಿಸ್ತಾರವಾದ, ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರಗಳು ಸ್ಥಾಪಿಸಬಹುದೆಂದು ಹೇಳುತ್ತದೆ. ಹೇಳಿಕೆಗೂ ಆಚರಣೆಗೂ ನಡುವಣ ಅಂತರವನ್ನು ತುಂಬುವುದರಲ್ಲಿ ಉಳ್ಳವರ ಹೊಣೆಯೂ ಇದೆ. ದೊಡ್ಡ ಮನೆಯನ್ನು ಮಾರಿ ಕಿರಿಯ ನೆಲೆಗೆ ಹೋಗುವವರ ಕೈಯಲ್ಲಿ ಹಣ ಮಿಗುವುದುಂಟು. ಮೊದಲು ತಮ್ಮ ಔಷಧಿಗೆ, ಅನಂತರ ಮಕ್ಕಳಿಗೆ, ಅದರ ಜೊತೆಯಲ್ಲಿ ತಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ಮುಸುರೆ ತಿಕ್ಕಿದ ಹೆಂಗಸಿಗೂ ಒಂದು ಪಾಲು ಎಂದು ಬಗೆದರೆ ಆ ಮನೆಯ ಹೆಸರು ಆ ಕೇರಿಯಲ್ಲಿ ಉಳಿಯುತ್ತದೆ. ಯಜಮಾನರು ಮನೆ ಬಿಡುವಾಗ ಕೆಲಸ ಕಳೆದುಕೊಳ್ಳುವವಳನ್ನು ಯಾರೂ ನೆನೆಯುವುದಿಲ್ಲ.

ಮಕ್ಕಳಿಗೆ ಹೇಳಬೇಕಾದದ್ದು ಸ್ವಲ್ಪವೇ. ತಂದೆತಾಯಿ ಹೊರಡುವ ಮಾತೆತ್ತಿದರೆ ತಮ್ಮ ಮಾನಕ್ಕೆ ಅಂಜಿ ತಡೆಯಬಾರದು. ಎತ್ತದಿದ್ದರೆ ತಮ್ಮ ಅನುಕೂಲಕ್ಕಾಗಿ ದೂಡಬಾರದು. ಮನೆಯ ಬೆಲೆ ವಿಚಾರಿಸುವ ಮೊದಲು ಅವರ ಮನಸ್ಸನ್ನು ವಿಚಾರಿಸಬೇಕು. ವಸ್ತುಗಳನ್ನು ವಿಂಗಡಿಸುವಾಗ ಒಂದು ವಾರ ರಜೆ ಹಾಕಿ ಬಂದು ನೆಲದ ಮೇಲೆ ಕೂರಬೇಕು. ಬೇಡದ್ದೆಂದು ಕಂಡ ತಗಡಿನ ಡಬ್ಬಿಯ ಕಥೆಯನ್ನೂ ಪೂರ್ತಿ ಕೇಳಬೇಕು. ಹೊಸ ನೆಲೆಗೆ ಬಿಟ್ಟುಬಂದ ಮೇಲೆ ಹಬ್ಬ ಹುಣ್ಣಿಮೆಗಳನ್ನು ಅಲ್ಲಿಯೇ ಆಚರಿಸಬೇಕು. ತಿಂಗಳ ಶುಲ್ಕ ಕಟ್ಟಿದವನು ಋಣ ತೀರಿಸಿದೆನೆಂದು ತಿಳಿದರೆ, ಅವನ ತಂದೆತಾಯಿ ಹಳೆಯ ಮನೆಯಲ್ಲಿ ಇದ್ದಿದ್ದರೂ ಅನಾಥರೇ ಆಗಿರುತ್ತಿದ್ದರು. ಶಿಷ್ಯರಿಗೂ ಇದರಲ್ಲಿ ಪಾಲಿದೆ. ನಿವೃತ್ತ ಉಪಾಧ್ಯಾಯರು ಇಂಥ ನೆಲೆಯೊಂದರಲ್ಲಿ ಇರುವರೆಂದು ತಿಳಿದ ಹಳೆಯ ವಿದ್ಯಾರ್ಥಿಯು ವರ್ಷಕ್ಕೊಮ್ಮೆ ಹೋಗಿ ಅರ್ಧ ಗಂಟೆ ಕುಳಿತು ಬಂದರೆ, ಹಾರ ಶಾಲುಗಳ ಯಾವ ಸನ್ಮಾನವೂ ಅದಕ್ಕೆ ಸಾಟಿಯಲ್ಲ.

ಕಟ್ಟಡಕ್ಕೆ ಆಯುಷ್ಯವಿದೆ, ಮಾರಿದ ಮನೆಯನ್ನು ಕೊಂಡವನು ನಾಳೆ ಕೆಡವಿ ನಾಲ್ಕು ಅಂತಸ್ತು ಎಬ್ಬಿಸಬಹುದು. ಮನೆತನವೆಂಬುದು ಬಂದವರಿಗೆ ನೀರು ಕೊಡುವ ರೀತಿಯಲ್ಲಿ, ಕಿರಿಯರ ಮಾತಿಗೆ ಕಿವಿಗೊಡುವ ರೀತಿಯಲ್ಲಿ, ಹಿರಿಯರ ತೀರ್ಮಾನವನ್ನು ಮನ್ನಿಸುವ ರೀತಿಯಲ್ಲಿ ಇರತಕ್ಕದ್ದು. ಅದು 2400 ಚದರ ಅಡಿಯಲ್ಲಿಯೂ ಬಾಳಬಲ್ಲದು, 600 ಚದರ ಅಡಿಯಲ್ಲಿಯೂ ಬಾಳಬಲ್ಲದು. ಅರವತ್ತೈದು ದಾಟಿದ ದಂಪತಿಗಳು ಇದೇ ವರ್ಷ ಒಂದು ದಿನ ನಿರಾತಂಕವಾಗಿ ಕುಳಿತು, ಇರುವುದೋ ಹೊರಡುವುದೋ, ಹೊರಡುವುದಾದರೆ ಎಂದು, ಎಲ್ಲಿಗೆ ಎಂಬುದನ್ನು ಕಾಗದದ ಮೇಲೆ ಬರೆದು ಮಕ್ಕಳ ಮುಂದೆ ಇಡಲಿ. ಇರುವೆವೆಂದು ಬರೆದರೂ ಸರಿಯೆ, ಹೊರಡುವೆವೆಂದು ಬರೆದರೂ ಸರಿಯೆ. ಬರಹವು ಅವರದೇ ಕೈಯದಾಗಿರಲಿ.